ಕೇಳುವ ತೋಳು

ವಾಚನಶಾಲೆಯಲ್ಲಿ ನನ್ನ ಜಾಗ ಇದ್ದದ್ದು ಮೂರನೆಯ ಕಂಬದ ಹಿಂದೆ. ಅಲ್ಲಿಂದ ಗಮಕಿಗಳ ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಕಂಬವನ್ನು ಬಳಸಿಕೊಂಡು ಬಂದು ಕಿವಿಗೆ ಬೀಳುತ್ತಿತ್ತು. ಅದು ಮೊದಲು ಅಮ್ಮ ಕೂರುತ್ತಿದ್ದ ಜಾಗ. ಅಪ್ಪ ಓದುತ್ತಿದ್ದ ಕಾಲದಲ್ಲಿ ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಪದ್ಯ ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಅರ್ಥ ತಿಳಿಯುವ ಮೊದಲೇ ಕಾವ್ಯದ ಅರ್ಧ ನನ್ನೊಳಗೆ ಇಳಿದಿತ್ತು. ಅಪ್ಪ ಹೋದರು, ಅಮ್ಮ ಹೋದಳು, ನನ್ನ ಮದುವೆಯ ಮಾತೂ ಬಂದು ಬಂದು ಹೋಯಿತು. ಜಾಗ ಉಳಿಯಿತು. ಹಗಲೆಲ್ಲ ಯಾರ ಮನೆಯ ಹಪ್ಪಳ ಒತ್ತಿಕೊಟ್ಟರೂ ಸಂಜೆಗೆ ಆ ಕಂಬ ಇದೆಯಲ್ಲ ಎಂಬುದೊಂದೇ ನನಗೆ ನೆಮ್ಮದಿ. ದೇವರ ಮುಂದೆ ನಾನು ಬೇರೇನನ್ನೂ ಬೇಡಿದವಳಲ್ಲ. ಇಲ್ಲಿಂದ ಎಬ್ಬಿಸಬೇಡ ತಂದೆ ಎಂದಷ್ಟೇ ಬೇಡುತ್ತಿದ್ದೆ.

ನಮ್ಮೂರಿಗೆ ನದಿಯಿಲ್ಲ. ವಾಚನಶಾಲೆಯ ಹಿಂದಿನ ಕೊಳವೇ ಕುಡಿಯಲು, ಬೇಯಿಸಲು, ತೊಳೆಯಲು. ಸಂಜೆ ಕಾವ್ಯ ಓದುವಾಗ ಕೇಳುವವರ ಮೈಯ ನವಿರು ನಿಮಿರಿದರೆ ಕೊಳದ ನೀರು ಮೆಟ್ಟಿಲು ಹತ್ತುತ್ತದೆ, ನಿಮಿರದಿದ್ದರೆ ಇಳಿಯುತ್ತದೆ. ಹಾಗಾಗಿ ಮುಂದಿನ ಸಾಲಿನಲ್ಲಿ ಗಂಡಸರು ಭುಜದ ತನಕ ತೋಳು ಬಿಟ್ಟುಕೊಂಡು, ಕೈಗಳನ್ನು ತೊಡೆಯ ಮೇಲೆ ಚಾಚಿ ಕೂರುತ್ತಾರೆ. ಒತ್ತಾಗಿ ಕೂದಲಿರುವ ತೋಳಿನ ಹುಡುಗನಿಗೆ ಹೆಣ್ಣು ಕೊಡಲು ಜನ ಮುಂದೆ ಬೀಳುತ್ತಾರೆ. ಹೆಂಗಸರು ಮಾತ್ರ ನುಣ್ಣಗಿರಬೇಕು. ಹೆಣ್ಣಿನ ಮೈಗೂದಲು ನೀರನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಹಿರಿಯರು ಹೇಳುತ್ತ ಬಂದಿದ್ದರು, ನಾವು ಕೇಳುತ್ತ ಬಂದಿದ್ದೆವು. ಅದಕ್ಕೇ ನಯಮನೆ ಇತ್ತು. ವಾರವಾರ ಅಲ್ಲಿ ಸಾಲಾಗಿ ಕೂರುತ್ತಿದ್ದೆವು. ಗೌರಕ್ಕ ಬೆಲ್ಲ ಮತ್ತು ನಿಂಬೆರಸದ ಬಿಸಿ ಪಾಕವನ್ನು ತೋಳಿಗೆ, ಕಾಲಿಗೆ, ಮೇಲ್ದುಟಿಗೆ, ಗಲ್ಲಕ್ಕೆ ಹಚ್ಚಿ, ಹಳೆ ಪಂಚೆಯ ಪಟ್ಟಿ ಒತ್ತಿ, ಒಂದೇ ಸಲಕ್ಕೆ ಎಳೆಯುತ್ತಿದ್ದಳು. ಎಳೆದ ಪಟ್ಟಿಯನ್ನು ಯಾರೂ ನೋಡಬಾರದು. ಹೊತ್ತು ಮುಳುಗುವ ಮೊದಲು ಸುಡಬೇಕು. ಸಂಜೆ ವಾಚನಶಾಲೆಯ ಬಾಗಿಲಲ್ಲಿ ನಿಲ್ಲುವವಳೂ ಅವಳೇ. ಒಳಗೆ ಹೋಗುವ ಪ್ರತಿ ಹೆಂಗಸಿನ ತೋಳಿನ ಮೇಲೆ ಒಂದು ರೇಷ್ಮೆ ಕರವಸ್ತ್ರ ಹಾಸಿ ಕೈ ಬಿಡುತ್ತಾಳೆ. ಜಾರಿ ಬಿದ್ದರೆ ಒಳಗೆ. ಸಿಕ್ಕಿಕೊಂಡು ನಿಂತರೆ ಹೊರಗೆ, ಆಮೇಲೆ ಆ ಜಾಗ ಯಾವತ್ತಿಗೂ ನಿಮ್ಮದಲ್ಲ.

ಆ ವರ್ಷ ಕೊಳ ತೀರ ಇಳಿದಿತ್ತು. ತಪ್ಪು ಗಮಕಿ ಅಚ್ಯುತಾಚಾರ್ಯರದಲ್ಲ, ಅವರ ದನಿ ಇನ್ನೂ ಹಸನಾಗಿತ್ತು. ಆದರೆ ಮುಂದಿನ ಸಾಲಿನವರು ಪದ್ಯ ಕೇಳುವುದನ್ನು ಬಿಟ್ಟು ತಮ್ಮ ತಮ್ಮ ತೋಳನ್ನೇ ನೋಡುತ್ತ ಕೂರುತ್ತಿದ್ದರು. ನನ್ನದು ಎದ್ದಿತೇ, ಪಕ್ಕದವನದು ಎದ್ದಿತೇ ಎಂದು. ಹಿರಿಯ ಕೇಳುಗ ದೇವರಸಪ್ಪನವರು ಒಂದು ದಿನ ಎದ್ದು ನಿಂತು, ‘ಹಿಂದೆ ಕೂತವರಲ್ಲಿ ಯಾರೋ ನುಣ್ಣಗಿಲ್ಲ’ ಎಂದರು. ಅಂದಿನಿಂದ ರೇಷ್ಮೆಯನ್ನು ತೋಳಿನ ಎರಡೂ ಮಗ್ಗುಲಿಗೆ ಹಾಕಿ ನೋಡುವುದು ಶುರುವಾಯಿತು. ದೀಪಾವಳಿ ಕಳೆದ ಮೇಲೆ ನೀರು ಅಷ್ಟಿಷ್ಟು ಏರತೊಡಗಿತು. ‘ಬಿಗಿ ಮಾಡಿದ್ದಕ್ಕೆ ಫಲ ನೋಡಿ’ ಎಂದು ಅವರು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮಂದಾಕಿನಿ ಬಂದದ್ದೂ ಆ ದೀಪಾವಳಿಗೇ. ಅವಳು ನಮ್ಮ ಅಣ್ಣನ ಮಗಳು, ಪರಸ್ಥಳದಲ್ಲಿ ಕಲಾಶಾಲೆಯಲ್ಲಿ ಓದಿದವಳು. ಊರಾಚೆಯ ಹಳೆ ನೂಲಿನ ಗೋದಾಮನ್ನು ಬಾಡಿಗೆಗೆ ಹಿಡಿದಳು. ವಾಚನಶಾಲೆಯ ದನಿ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಯಾರೂ ಅಲ್ಲಿ ಇರಲು ಒಪ್ಪುತ್ತಿರಲಿಲ್ಲ.

‘ಏನೇ ಮಾಡ್ತೀಯ ಅಲ್ಲಿ ಒಬ್ಬಳೇ?’ ಎಂದು ಕೇಳಿದೆ.

‘ಪ್ರದರ್ಶನ ಮಾಡ್ತೀನಿ ಅತ್ತೆ.’

‘ಚಿತ್ರವಾ?’

‘ಚಿತ್ರ ಅಂದ್ರೆ ಚಿತ್ರ, ಬಟ್ಟೆ ಅಂದ್ರೆ ಬಟ್ಟೆ. ಬಂದು ನೋಡಿ, ಆಮೇಲೆ ಬೈಯುವಿರಂತೆ.’ ಆಮೇಲೆ ತನ್ನಷ್ಟಕ್ಕೇ ಹೇಳಿಕೊಂಡಳು, ‘ಒಂದೇ ತಾಪತ್ರಯ. ಸಂಜೆ ಆದ್ರೆ ಸಾಕು, ಬಟ್ಟೆ ಎಲ್ಲ ಗಂಜಿ ಹಾಕಿದ ಹಾಗೆ ಬಿರುಸಾಗಿ ನಿಂತುಬಿಡತ್ತೆ. ಆ ಗೋಡೆಯ ಥಂಡಿಗಿರಬೇಕು.’

ಮಾಘದಲ್ಲಿ ಒಂದು ಬೆಳಿಗ್ಗೆ ಗೋದಾಮಿನ ಬಾಗಿಲು ತೆರೆದಳು. ಸೀರೆಯ ಪ್ರದರ್ಶನ ಇರಬೇಕೆಂದು ಹೆಂಗಸರು ಗುಂಪು ಕಟ್ಟಿಕೊಂಡು ಹೋದರು, ನಾನೂ ಹೋದೆ. ಒಳಗೆ ಗೋಡೆಯಿಂದ ಗೋಡೆಗೆ ಹಗ್ಗಗಳು. ಹಗ್ಗದ ತುಂಬ ಸಣ್ಣ ದೊಡ್ಡ ಬಟ್ಟೆಯ ಪಟ್ಟಿಗಳು. ಮೂಡಲ ಕಿಟಕಿಯ ಬಿಸಿಲು ಅವುಗಳ ಹಿಂದಿನಿಂದ ಬೀಳುತ್ತಿತ್ತು. ಒಂದೊಂದು ಪಟ್ಟಿಯ ಮೇಲೂ ಎಳೆಎಳೆಯಾಗಿ ಕಪ್ಪು, ಕಂದು, ನರೆ ಬೆಳ್ಳಿ. ಕೆಲವು ಮುಂಗೈಯ ಆಕಾರ, ಕೆಲವು ಮೀನಖಂಡದ ಆಕಾರ, ಕೆಲವು ಎರಡು ಬೆರಳಷ್ಟೇ ಅಗಲ.

‘ಎಷ್ಟು ಸಣ್ಣ ಕಸೂತಿ ನೋಡೇ’ ಎಂದಳು ನನ್ನ ಮುಂದಿದ್ದವಳು.

‘ಕಸೂತಿ ಅಲ್ಲ ಕಣೇ. ಮೂಸಿ ನೋಡು, ಬೆಲ್ಲದ ವಾಸನೆ.’

ಒಬ್ಬೊಬ್ಬರೂ ಹಗ್ಗದಿಂದ ಹಗ್ಗಕ್ಕೆ ನಡೆದರು, ಒಂದೆಡೆ ನಿಂತರು, ನಿಂತದ್ದು ತಿಳಿಯಬಾರದೆಂದು ತಟ್ಟನೆ ಮುಂದೆ ಹೋದರು. ಒಂದು ಪಟ್ಟಿಯ ನಡುವೆ ಒಲೆ ತಾಗಿ ಸುಟ್ಟ ಕಲೆಯಷ್ಟು ಜಾಗ ಬೋಳಾಗಿತ್ತು. ಅದರ ಮುಂದೆ ಒಬ್ಬ ಸೊಸೆ ಪಿಸುಗುಟ್ಟಿದಳು, ‘ಅತ್ತೆ, ಇದು ನಿಮ್ದು.’

‘ಮುಚ್ಚು ಬಾಯಿ. ನಂದು ಅಷ್ಟು ಒರಟಿಲ್ಲ.’

‘ಒರಟು ಅಂತ ನಾನೆಲ್ಲಿ ಅಂದೆ?’

ಕೊನೆಯ ಹಗ್ಗದಲ್ಲಿ ನನ್ನದಿತ್ತು. ಗಲ್ಲದ್ದು. ಮುಳ್ಳಿನಂಥ ಕರಿಯ ಕೂದಲುಗಳ ನಡುವೆ ಒಂದು ಬಿಳಿಯದು. ಅದನ್ನು ಕನ್ನಡಿಯಲ್ಲಿ ಕಂಡು ನಾನು ಎಷ್ಟೋ ಬೆಳಗು ದೇವರ ದೀಪವನ್ನೂ ಹಚ್ಚದೆ ಕೂತಿದ್ದೇನೆ. ಈಗ ಬಿಸಿಲಿನಲ್ಲಿ ಅದು ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಮಂದಾಳ ರಟ್ಟೆ ಹಿಡಿದು ಮೂಲೆಗೆ ಎಳೆದೆ.

‘ಇದು ಕಲೆಯೇನೇ? ಹೆಂಗಸರ ಮಾನ ಹೀಗೆ ಹಗ್ಗಕ್ಕೆ ಹಾಕೋದು?’

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ‘ತಲೆಯ ಮೇಲಿದ್ರೆ ಎಣ್ಣೆ ಹಚ್ಚಿ ಹೂ ಮುಡಿಸ್ತೀರಿ ಅತ್ತೆ. ಅದೇ ಒಂದು ಗೇಣು ಕೆಳಗೆ ಬಂದ್ರೆ ಕಿತ್ತು ಸುಡ್ತೀರಿ. ನಾನು ಯಾರ ಹೆಸರೂ ಬರೆದಿಲ್ಲ, ಯಾರಿಗೂ ಏನೂ ಹೇಳಿಲ್ಲ. ನೇತುಹಾಕಿದ್ದೀನಿ, ಅಷ್ಟೆ. ನೀವೇ ಬಂದು ಗುರುತು ಹಿಡಿದ್ರಿ.’

‘ಕೊಟ್ಟವರು ಯಾರು?’

‘ಅದು ಮಾತ್ರ ಕೇಳಬೇಡಿ.’

ಕೇಳುವ ಅಗತ್ಯವಿರಲಿಲ್ಲ. ಗೌರಕ್ಕ ಬಾಗಿಲ ಹೊರಗೆ ಬೇವಿನ ಮರದಡಿ ನಿಂತಿದ್ದಳು, ಒಳಗೆ ಬರದೆ. ನನ್ನನ್ನು ನೋಡಿ ಮುಖ ತಿರುಗಿಸಿದಳು. ದಿನಾ ಪಟ್ಟಿ ಸುಡುವ ಹೊಗೆ ಕುಡಿದು ಕುಡಿದು ಅವಳಿಗೆ ಕೆಮ್ಮು ಹತ್ತಿದ್ದು ನನಗೆ ಗೊತ್ತಿತ್ತು.

ಮಧ್ಯಾಹ್ನ ದೇವರಸಪ್ಪನವರು ಬಂದರು. ಹಗ್ಗಗಳನ್ನು ಒಂದು ಸುತ್ತು ನೋಡಿ, ಹೆಗಲ ಮೇಲಿನ ಶಲ್ಯದಿಂದ ಮೂಗು ಮುಚ್ಚಿಕೊಂಡರು. ಕೂಗಾಡಲಿಲ್ಲ. ಕೂಗಾಡುವವರಾಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ‘ನಾಳೆ ಸಂಜೆ ಇವೆಲ್ಲ ವಾಚನಶಾಲೆಗೆ ಬರಲಿ. ಪದ್ಯದ ಮುಂದೆಯೇ ಸುಟ್ಟು ಕೊಳಕ್ಕೆ ಶಾಂತಿ ಮಾಡಿಸೋಣ’ ಎಂದರು. ‘ಒಲೆಯ ಬಾಯಿಂದ ಯಾರೋ ಇವನ್ನು ಕದ್ದಿದ್ದಾರೆ. ಅವಳು ಸಿಗೋ ತನಕ ನಯಮನೆಗೆ ಬೀಗ.’ ರೇಷ್ಮೆ ಹಿಡಿಯುವ ಕೈಯನ್ನು ಅನುಮಾನಿಸುವುದು ಅವರಿಗೆ ತೋಚಲೇ ಇಲ್ಲ.

ಅಲ್ಲಿಂದ ನೇರ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ನೀರು ಕೊಟ್ಟೆ. ಕುಡಿದು ಲೋಟ ಬೋರಲು ಹಾಕಿದರು. ‘ಅಂಬುಜಮ್ಮ, ನಿಮ್ಮ ತಂದೆ ಓದಿದ ಶಾಲೆ ಅದು. ನೀವು ಎಂದೂ ಸೊಲ್ಲೆತ್ತಿದವರಲ್ಲ. ಆ ಹುಡುಗಿಗೆ ಪಟ್ಟಿ ಕೊಟ್ಟದ್ದು ಯಾರು, ಒಂದು ಹೆಸರು ಹೇಳಿ. ನಿಮ್ಮ ಜಾಗಕ್ಕೆ ನಾನು ಹೊಣೆ.’

‘ಹೇಳದಿದ್ದರೆ?’

‘ಹುಡುಗಿ ನಿಮ್ಮ ಮನೆಯವಳು. ಜನ ಕೇಳ್ತಾರಲ್ಲ, ಅಂಥ ಮನೆಯವಳು ಒಳಗೆ ಯಾಕೆ ಕೂತಿದ್ದಾಳೆ ಅಂತ. ನಾನೊಬ್ಬ ಎಷ್ಟು ಅಂತ ತಡೀಲಿ?’

‘ನನಗೆ ಗೊತ್ತಿಲ್ಲ ಯಜಮಾನರೇ’ ಎಂದೆ. ನಾಳೆಯ ತನಕ ಯೋಚನೆ ಮಾಡಿ ಎಂದು ಹೇಳಿ ಎದ್ದರು.

ಮರುದಿನ ಮನೆಯಲ್ಲೇ ಪಾಕ ಕಾಯಿಸಿಕೊಂಡೆ. ನಯಮನೆಗೆ ಹೋಗುವ ವಾರ ತಪ್ಪಿತ್ತು. ತೋಳಿನ ಮೇಲೆ ಆಗಲೇ ಚಿಗುರು ಬಂದಿತ್ತು. ಪಾಕ ಹದಕ್ಕೆ ಬಂತು. ಬಟ್ಟೆ ಹರಿದೂ ಇಟ್ಟುಕೊಂಡೆ. ಹಚ್ಚಲು ಕೈ ಹೋಗಲಿಲ್ಲ. ಹಗ್ಗದ ಮೇಲೆ ಬಿಸಿಲು ಕಾಯಿಸುತ್ತಿದ್ದ ಆ ಒಂದು ಬಿಳಿಕೂದಲೇ ಕಣ್ಣ ಮುಂದೆ ಬರುತ್ತಿತ್ತು. ಅದನ್ನು ಕಂಡಾಗ ನನಗಾದದ್ದು ಬರೀ ನಾಚಿಕೆಯೇ ಎಂದು ಕೇಳಿಕೊಂಡೆ. ಪಾತ್ರೆಯಲ್ಲೇ ಪಾಕ ಆರಿ ಕಲ್ಲಾಯಿತು. ಸಂಜೆಯ ಗಂಟೆ ಹೊಡೆಯಿತು. ಉದ್ದ ತೋಳಿನ ರವಿಕೆ ಹಾಕಿಕೊಂಡು ಹೊರಟೆ, ಯಾವ ಧೈರ್ಯದ ಮೇಲೆ ಹೊರಟೆ ಎಂದು ಕೇಳಿದರೆ ಹೇಳಲಾರೆ. ಹೋಗದೆ ಇರಲು ನನಗೆ ಬರುತ್ತಿರಲಿಲ್ಲ.

ಬಾಗಿಲಲ್ಲಿ ಗೌರಕ್ಕ ನನ್ನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ರೇಷ್ಮೆ ಹಾಸಿ ಕೈ ಬಿಟ್ಟಳು. ಅದು ಬೀಳಲಿಲ್ಲ. ಮುಂಗೈಯ ಮೇಲೆ ಹಾಗೇ ಸಿಕ್ಕಿಕೊಂಡು ನಿಂತಿತು. ನಾಲ್ಕು ಮಾರು ದೂರದಲ್ಲಿ ದೇವರಸಪ್ಪನವರು ಇತ್ತ ಬೆನ್ನು ಹಾಕಿ ಯಾರೊಡನೆಯೋ ಮಾತಾಡುತ್ತಿದ್ದರು, ಯಾವ ಗಳಿಗೆಯಲ್ಲೂ ತಿರುಗಬಹುದಿತ್ತು. ಗೌರಕ್ಕ ಕೆಮ್ಮಿದಳು. ಕೆಮ್ಮಿನ ನೆಪದಲ್ಲಿ ಅವಳ ಹೆಬ್ಬೆರಳು ರೇಷ್ಮೆಯ ಅಂಚನ್ನು ತಳ್ಳಿತು. ಬಟ್ಟೆ ನೆಲಕ್ಕೆ ಬಿತ್ತು.

‘ಹೋಗಿ ಅಂಬುಜಕ್ಕ, ಹಿಂದೆ ಜನ ಇದ್ದಾರೆ’ ಎಂದಳು, ನನ್ನ ಮುಖ ನೋಡದೆ.

ಕೊಳದ ಮೇಲ್ಮೆಟ್ಟಿಲ ಹತ್ತಿರ ಹಿತ್ತಾಳೆಯ ಕೊಪ್ಪರಿಗೆ ಇಟ್ಟಿದ್ದರು. ಅದರೊಳಗೆ ಪಟ್ಟಿಗಳ ರಾಶಿ. ಮುಂದಿನ ಸಾಲಿನವರು ಗಮಕಿಗಳ ಕಡೆ ಮುಖ ಮಾಡಿ ಕೂತಿದ್ದರಿಂದ ಅದು ಅವರ ಬೆನ್ನಿಗಿತ್ತು. ನನ್ನ ಕಂಬದ ಹಿಂದಿನಿಂದ ಮಾತ್ರ ನೇರ ಕಾಣುತ್ತಿತ್ತು. ಮಂದಾಳನ್ನು ಒಳಗೆ ಬಿಟ್ಟಿರಲಿಲ್ಲ. ಅಚ್ಯುತಾಚಾರ್ಯರು, ಎಂದಿನಂತೆ ಕಣ್ಣು ಮುಚ್ಚಿಯೇ ಇರಬೇಕು, ದನಿ ತೆಗೆದರು. ಅಂದು ಬರದ ಸಂಧಿ. ರಾಜ್ಯವೆಲ್ಲ ಒಣಗಿ, ರಾಣಿ ಒಬ್ಬಳೇ ಬರಿಗಾಲಲ್ಲಿ ನೀರು ಹುಡುಕಿ ಹೊರಟ ಭಾಗ.

ಬೆಂದ ನೆಲವನು ಮುಟ್ಟಿ ಕೇಳಿದ
ಳೊಂದು ಹನಿಯೆಲ್ಲಡಗಿತೆನುತಲಿ
ನಿಂದ ಮೈಯೊಳು ನವಿರು ನಿಮಿರಲು ನೀರು ಬಂದುದಲಾ

ಎಷ್ಟು ಸಲ ಕೇಳಿದ್ದೆನೋ ಈ ಪದ್ಯವನ್ನು. ರಾಣಿ ದೇವತೆ, ಅವಳ ಮಾತು ಬೇರೆ ಎಂದು ಅಪ್ಪನೂ ಅರ್ಥ ಹೇಳುತ್ತಿದ್ದರು. ‘ನಿಂದ ಮೈಯೊಳು’ ಎಂಬಲ್ಲಿ ಆಚಾರ್ಯರು ದನಿಯನ್ನು ತಡೆದು ಹಿಡಿದರು, ಬಿಡಲೇ ಇಲ್ಲ. ಆಗ ಕೊಪ್ಪರಿಗೆಯಲ್ಲಿ ಏನೋ ಸರಿದಂತಾಯಿತು. ಮುದುಡಿ ಬಿದ್ದಿದ್ದ ಪಟ್ಟಿಗಳು ಒಂದೊಂದಾಗಿ ಬಿಗಿದು ನೆಟ್ಟಗಾದವು. ಮೇಲಿದ್ದ ಪಟ್ಟಿಯ ಕೂದಲೆಲ್ಲ ಎದ್ದು ನಿಂತದ್ದು ದೀಪದ ಬೆಳಕಿಗೆ ನಿಚ್ಚಳವಾಗಿ ಕಂಡಿತು. ಹಿಂದೆಯೇ ಕೊಳದಲ್ಲಿ ಗುಳುಗುಳು ಸದ್ದು. ನೀರು ಒಂದು ಮೆಟ್ಟಿಲು ನುಂಗಿತು, ಇನ್ನೊಂದು ನುಂಗಿತು. ದೀಪಾವಳಿಯಿಂದ ಇತ್ತ ನೀರು ಏಕೆ ಏರುತ್ತಿತ್ತು, ಗೋದಾಮಿನಲ್ಲಿ ಬಟ್ಟೆ ಸಂಜೆಯಾದರೆ ಏಕೆ ಬಿರುಸಾಗುತ್ತಿತ್ತು, ಎರಡೂ ಒಟ್ಟಿಗೆ ಹೊಳೆದವು. ರವಿಕೆಯೊಳಗೆ ನನ್ನ ತೋಳು ಜುಮ್ಮೆಂದಿತು.

‘ಬಂತು ನೀರು’ ಎಂದು ಮುಂದಿನ ಸಾಲು ಎದ್ದಿತು. ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ದೇವರಸಪ್ಪನವರು ಮುಖ ಅರಳಿಸಿ, ‘ಸುಡುವ ಮೊದಲೇ ಫಲ ಬಂತು, ಸುಟ್ಟರೆ ಇನ್ನೆಷ್ಟು ಬರಬೇಡ’ ಎಂದು ಕರ್ಪೂರ ಹಚ್ಚಿಸಿದರು.

ಅಷ್ಟು ವರ್ಷದಲ್ಲಿ ಯಾರೂ ನೋಡದ ಹಾಗೆ ಬಂದು ಹೋಗುವುದನ್ನೇ ನಾನು ಕಲಿತದ್ದು. ಸುಮ್ಮನೆ ಕೂತರೆ ಕಂಬ ಉಳಿಯುತ್ತಿತ್ತು. ನಾಳೆಯೂ ಪದ್ಯ ಇರುತ್ತಿತ್ತು.

‘ಸ್ವಲ್ಪ ತಡೀರಿ ಯಜಮಾನರೇ’ ಎಂದೆ. ಆ ಶಾಲೆಯಲ್ಲಿ ನನ್ನ ದನಿಯನ್ನು ನಾನೇ ಮೊದಲ ಸಲ ಕೇಳಿದ್ದು. ‘ನೀರು ಬಂದದ್ದು ಮುಂದಿನ ಸಾಲಿನಿಂದಲ್ಲ. ಆ ಕೊಪ್ಪರಿಗೆಯಿಂದ.’

ಯಾರೋ ನಕ್ಕರು. ‘ಕೊಪ್ಪರಿಗೆ ಪದ್ಯ ಕೇಳ್ತಂತೆ ಕಣ್ರಪ್ಪ.’

‘ಕೇಳಿತು. ನೀವು ನಿಮ್ಮ ತೋಳು ನೋಡಿಕೊಳ್ಳಿ.’

ನೋಡಿಕೊಂಡರು. ಎಲ್ಲರ ಕೂದಲೂ ಎಣ್ಣೆ ಹಚ್ಚಿ ಬಾಚಿದಂತೆ ಮಲಗಿತ್ತು. ಒಬ್ಬ ಅಂಗೈಯಿಂದ ಹಿಂದುಮುಂದಾಗಿ ಉಜ್ಜಿ ನೋಡಿದ.

‘ಪದ್ಯ ಮುಗಿದ ಮೇಲೆ ಮಲಗತ್ತೆ. ಅದರಲ್ಲೇನಿದೆ?’ ಎಂದರು ದೇವರಸಪ್ಪನವರು.

‘ನನ್ನದು ಇನ್ನೂ ಮಲಗಿಲ್ಲ’ ಎಂದೆ. ರವಿಕೆಯ ತೋಳನ್ನು ಮೊಣಕೈಗೆ ಏರಿಸಿ ದೀಪದ ಮುಂದೆ ಹಿಡಿದೆ.

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಚಾರ್ಯರು ಕಣ್ಣು ಬಿಟ್ಟು ನನ್ನ ತೋಳನ್ನು ನೋಡಿದರು. ಆಮೇಲೆ ಮುಂದಿದ್ದ ವ್ಯಾಸಪೀಠಕ್ಕೆ ತಲೆ ತಗ್ಗಿಸಿದರು. ದೇವರಸಪ್ಪನವರು ನನ್ನನ್ನು ನೋಡುತ್ತಿರಲಿಲ್ಲ. ನಿಧಾನವಾಗಿ ಬಾಗಿಲ ಕಡೆ ತಿರುಗಿದರು.

‘ಗೌರಕ್ಕ, ಇವರು ಒಳಗೆ ಬಂದದ್ದು ಹೇಗೆ?’

ಅವಳು ಬಾಯಿ ತೆರೆಯುವ ಮೊದಲೇ ನಾನೆಂದೆ, ‘ನಾನು ಬಾಗಿಲಿಂದ ಬರಲಿಲ್ಲ. ಕೊಳದ ಕಡೆಯಿಂದ ಬಂದೆ.’ ಕಾವ್ಯದ ಎದುರು ಸುಳ್ಳಾಡಿದೆ. ದೇವರು ಅದನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳುತ್ತಾನೋ ಅವನಿಗೇ ಬಿಟ್ಟದ್ದು.

‘ಹಾಗಾದ್ರೆ ಆ ದಾರಿಯಲ್ಲೇ ಹೋಗಿ’ ಎಂದರು. ‘ಮತ್ತೆ ಬರಬೇಡಿ.’

ಕೊಳದಂಚಿನ ದಾರಿಯನ್ನು ಏರಿದ ನೀರು ಮುಚ್ಚಿತ್ತು. ಸೀರೆ ಎತ್ತಿಕಟ್ಟದೆ ಹಾಗೇ ಇಳಿದೆ. ಸೊಂಟದ ತನಕ ತಣ್ಣೀರು. ಆಚೆ ದಡ ಸೇರುವಷ್ಟರಲ್ಲಿ ಬೆನ್ನ ಹಿಂದೆ ಬೆಂಕಿ ಚಟಪಟ ಎಂದಿತು, ಸುಟ್ಟ ಕೂದಲಿನ ವಾಸನೆ ಗಾಳಿಯಲ್ಲಿ ಬಂತು, ನನ್ನ ಸುತ್ತಲಿನ ನೀರು ಕಾಲಿನ ತನಕ ಕುಸಿಯಿತು. ಅಂಬುಜಮ್ಮನ ತೋಳು ನೀರು ಎಳೆಯಿತು ಎಂದು ಮಾರನೆಯ ದಿನ ಊರೆಲ್ಲ ಆಡಿಕೊಂಡಿತಂತೆ.

ಮನೆಗೆ ಹೋಗದೆ ನೇರ ಗೋದಾಮಿಗೆ ಹೋದೆ, ಮಂದಾ ನನಗೆ ಚಾಪೆ ಹಾಸಿಕೊಟ್ಟಳು. ಹಗ್ಗಗಳು ಖಾಲಿ ಇದ್ದವು. ‘ನನ್ನಿಂದ ಆದದ್ದು ಅತ್ತೆ’ ಎಂದಳು. ನಾನು ಒದ್ದೆ ಸೆರಗು ಹಿಂಡಿಕೊಂಡೆ. ಮರುದಿನ ಹಗಲು ಹೇಗೋ ಕಳೆಯಿತು. ಸಂಜೆ ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ಇಷ್ಟು ಹೊತ್ತಿಗೆ ದೀಪ ಹಚ್ಚಿರುತ್ತಾರೆ, ಶ್ರುತಿ ಹಿಡಿದಿರುತ್ತಾರೆ. ಕಿಟಕಿಗೆ ಕಿವಿ ಕೊಟ್ಟು ನಿಂತೆ. ಬೇವಿನ ಮರದ ಹಕ್ಕಿಗಳಷ್ಟೇ. ಸತ್ತ ಮನೆಯಲ್ಲಿ ಕೂತ ಹಾಗೆ ಕೆಳಗೆ ಕೂತೆ. ಆಗ ಎಡಗೈಯ ಮೇಲೆ, ಮಣಿಕಟ್ಟಿನಿಂದ ಮೇಲಕ್ಕೆ, ಯಾರೋ ಊದಿದ ಹಾಗೆ ಕೂದಲು ಎದ್ದಿತು. ಒಂದಷ್ಟು ಎದ್ದು ನಿಂತು, ಅಲೆಯ ಹಾಗೆ ಮಲಗಿ, ಮತ್ತೆ ಎದ್ದಿತು. ಆ ನಡಿಗೆ ನನಗೆ ಗೊತ್ತಿತ್ತು. ಅಪ್ಪನ ಕಾಲದಿಂದ ಗೊತ್ತಿತ್ತು.

‘ಬರದ ಸಂಧಿ ಬಿಟ್ಟುಬಿಟ್ಟರು’ ಎಂದೆ.

‘ಏನತ್ತೆ?’

‘ಆಚಾರ್ಯರು. ಬರದ ಸಂಧಿ ಮುಂದುವರಿಸಲಿಲ್ಲ. ತೊಟ್ಟಿಲ ಸಂಧಿ ಹಿಡಿದಿದ್ದಾರೆ. ಈಗ ರಾಣಿ ಮಗುವನ್ನು ದಾದಿಯ ಕೈಗೆ ಕೊಡ್ತಾಳೆ. ತಡಿ, ಇನ್ನೂ ಕೊಟ್ಟಿಲ್ಲ. ಹಾಂ, ಕೊಟ್ಟಳು.’

ಮಂದಾ ನನಗೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು. ಬೆಳಿಗ್ಗೆ ಗೌರಕ್ಕ ಒಂದು ಕೊಡ ನೀರು ಹೊತ್ತು ತಂದಳು. ‘ನಿನ್ನೆ ಆಚಾರ್ಯರಿಗೆ ಏನಾಯ್ತೋ, ಇದ್ದಕ್ಕಿದ್ದ ಹಾಗೆ ತೊಟ್ಟಿಲ ಸಂಧಿ ಓದಿದರು’ ಎಂದಳು. ‘ಮುಂದಿನ ಸಾಲಲ್ಲಿ ಒಂದು ತೋಳೂ ಏಳಲಿಲ್ಲ. ಆದರೂ ನೀರು ಒಂದು ಮೆಟ್ಟಿಲು ಹತ್ತಿದೆ. ಯಜಮಾನರು ಮುಖ ಗಂಟು ಹಾಕಿಕೊಂಡು ಕೊಳ ನೋಡ್ತಾ ನಿಂತಿದ್ರು.’ ಮಂದಾ ನನ್ನ ಕಡೆ ನೋಡಿದಳು, ನಾನು ಅವಳ ಕಡೆ. ನನ್ನ ತೋಳು ಇಲ್ಲಿಂದಲೇ ಆ ಪದ್ಯ ಕೇಳಿದ್ದನ್ನು ಮಂದಾಳೇ ಹೇಳಿದಳು. ಗೌರಕ್ಕ ಕೊಡವನ್ನು ಕೆಳಗಿಳಿಸಿದಳು. ಆಮೇಲೆ ತನ್ನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ನಯಮನೆಗೆ ಬೀಗ ಬಿದ್ದಿತ್ತಲ್ಲ, ಅವಳದೂ ಚಿಗುರಿತ್ತು. ಊರಿನ ಎಲ್ಲ ಹೆಂಗಸರ ತೋಳು ಕಂಡವಳು ತನ್ನದನ್ನು ಹೊಸದಾಗಿ ನೋಡುವಂತೆ ನೋಡಿಕೊಂಡಳು.

ಅಂದು ಸಂಜೆ ಅವಳು ಬಾಗಿಲಿಗೆ ನಿಲ್ಲಲು ಹೋಗಲಿಲ್ಲ, ಇಲ್ಲಿಗೆ ಬಂದಳು. ಮರುಸಂಜೆ ಆ ಸೊಸೆ ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ‘ಸುಮ್ನೆ ಗಾಳಿಗೆ ಬಂದ್ವಿ’ ಎಂದಿತು ಮುದುಕಿ. ಕೂತ ಮೇಲೆ, ‘ಒರಟು ಗಿರಟು ಅಂದ್ರೆ ನೋಡು’ ಎಂದು ಸೊಸೆಗೆ ಗದರಿಸಿ ತೋಳು ಬಿಟ್ಟಿತು. ಆಮೇಲಾಮೇಲೆ ಚಾಪೆ ಸಾಲದಾಯಿತು. ಹೊಸದಾಗಿ ಏನನ್ನು ನೇತುಹಾಕುತ್ತೀ ಎಂದು ಮಂದಾಳನ್ನು ಕೇಳಿದೆ. ‘ಇನ್ನು ನಾನೇನೂ ಹಾಕಬೇಕಾಗಿಲ್ಲ ಅತ್ತೆ’ ಎಂದು ಹಗ್ಗಗಳನ್ನು ಬಿಚ್ಚಿ ಸುತ್ತಿದಳು. ಎಲ್ಲರೂ ಗೋಡೆಗೆ ಒರಗಿ, ತೋಳು ಚಾಚಿ, ಉಸಿರು ಸಣ್ಣ ಮಾಡಿ ಕೂರುತ್ತಿದ್ದೆವು. ಪದ್ಯ ಬಂದಾಗ ಒಬ್ಬಳ ತೋಳಿನಿಂದ ಇನ್ನೊಬ್ಬಳ ತೋಳಿಗೆ ಅದು ಗದ್ದೆಯ ಮೇಲಿನ ಗಾಳಿಯ ಹಾಗೆ ಹರಿದು ಹೋಗುತ್ತಿತ್ತು. ಗೊತ್ತಿಲ್ಲದವರಿಗೆ ನಾನು ಮೆಲ್ಲನೆ ಅರ್ಥ ಹೇಳುತ್ತಿದ್ದೆ. ಆದರೆ ಪ್ರತಿ ಸಂಜೆಯೂ ಎಲ್ಲರ ಕಣ್ಣು ಬಾಗಿಲ ಮೇಲೇ ಇರುತ್ತಿತ್ತು. ಇಲ್ಲಿಂದಲೂ ಎಬ್ಬಿಸಿದರೆ ಆಮೇಲೆ ಹೋಗಲು ಊರೇ ಇರಲಿಲ್ಲ.

ಒಂದು ಸಂಜೆ, ಕಾವ್ಯ ನಡೆಯುತ್ತಿರುವಾಗಲೇ, ಹೊರಗೆ ಹೆಜ್ಜೆಯ ಸದ್ದಾಯಿತು. ದೇವರಸಪ್ಪನವರು ಹೊಸ್ತಿಲಾಚೆ ನಿಂತಿದ್ದರು. ಹಿರಿಯ ಕೇಳುಗ ಓದಿನ ನಡುವೆ ಶಾಲೆ ಬಿಟ್ಟು ಬಂದದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಸಾಲಾಗಿ ಬಿಟ್ಟ ತೋಳುಗಳನ್ನು ಅವರು ಒಂದೊಂದಾಗಿ ನೋಡುತ್ತ ಹೋದರು. ಅವರ ಹೆಂಡತಿಯೂ ಅಲ್ಲಿದ್ದರು, ಸಾಲಿನಲ್ಲಿ ಮೂರನೆಯವರಾಗಿ. ಆಕೆ ತೋಳು ಮುಚ್ಚಿಕೊಳ್ಳಲಿಲ್ಲ.

‘ಏನು ನಡೀತಿದೆ ಇಲ್ಲಿ?’

‘ಕೇಳ್ತಿದ್ದೀವಿ’ ಎಂದಳು ಗೌರಕ್ಕ.

ಅವರು ಕಿವಿ ನಿಮಿರಿಸಿ ನಿಂತರು. ಗಾಳಿಯೂ ಇರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳಿಸಬಾರದೆಂಬಂತೆ, ‘ಈಗ ಯಾವ ಪದ್ಯ ಅಂಬುಜಮ್ಮ?’ ಎಂದರು.

ನಾನು ತೋಳು ನೋಡಿ ಹೇಳಿದೆ. ‘ಹೊಳೆ ದಾಟುವ ಸಂಧಿ. ದೋಣಿಯವನು ಕೂಲಿ ಬೇಡ ಅಂತಿದ್ದಾನೆ. ನೀವು ಎದ್ದು ಬರುವಾಗ ಇನ್ನೂ ದಡದಲ್ಲೇ ಇದ್ದರಲ್ಲವೇ?’

ಒಳಗೆ ಬರುವುದು ಕೇಳುವುದಕ್ಕೋ, ನಮ್ಮನ್ನು ಎಬ್ಬಿಸುವುದಕ್ಕೋ ಎಂದು ತಮಗೇ ತಿಳಿಯದವರಂತೆ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ಬಗ್ಗಿ, ಒಂದೊಂದಾಗಿ, ಕಾಲಿನ ಜೋಡು ಬಿಟ್ಟರು. ಯಾರೂ ಸರಿದು ಜಾಗ ಕೊಡಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಪದ್ಯ ನಡೆದೇ ಇತ್ತು.